ಹಾರುತ್ತೇವೆ, ಹಾರೋಣ

ಒಂದು ಭಾಷೆಯ ಮನಸ್ಸನ್ನು ಅರಿಯಬೇಕಾದರೆ ಅದರ ನಾಮಪದಗಳಿಗಿಂತ ಮೊದಲು ಕ್ರಿಯಾಪದಗಳ ಬಳಿಗೆ ಹೋಗಬೇಕು ಎಂಬುದು ಗುರುಮಠದಲ್ಲಿ ನಮಗೆ ಲ್ಯಾಟಿನ್ ಕಲಿಸಿದ ವೃದ್ಧ ಗುರುಗಳ ನಂಬಿಕೆಯಾಗಿತ್ತು. ನಾಮಪದ ನಿಂತಿರುವ ವಸ್ತುವನ್ನು ತೋರಿಸುತ್ತದೆ. ಕ್ರಿಯಾಪದವಾದರೋ ಯಾರು, ಯಾವಾಗ, ಎಷ್ಟು ಮಂದಿ ಎಂಬುದನ್ನೆಲ್ಲ ತನ್ನ ಬಾಲದಲ್ಲಿಯೇ ಹೊತ್ತು ನಡೆಯುತ್ತದೆ. ಆದ್ದರಿಂದ ಅವರು ನಮ್ಮಿಂದ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅವುಗಳಲ್ಲಿ ನನ್ನ ನೆನಪಿನಲ್ಲಿ ಉಳಿದ ಒಂದು ಪದ ‘ವೊಲೊ’. ಅದಕ್ಕೆ ‘ನಾನು ಹಾರುತ್ತೇನೆ’ ಎಂಬ ಅರ್ಥವೂ ಉಂಟು, ‘ನಾನು ಬಯಸುತ್ತೇನೆ’ ಎಂಬ ಅರ್ಥವೂ ಉಂಟು. ಇವು ಎರಡು ಬೇರೆ ಬೇರೆ ಧಾತುಗಳು. ಆದರೆ ಉತ್ತಮ ಪುರುಷ ಏಕವಚನದಲ್ಲಿ ಅವೆರಡೂ ಒಂದೇ ಉಡುಪು ತೊಟ್ಟು ನಿಲ್ಲುತ್ತವೆ. ಮುಂದಿನ ರೂಪ ‘ವೊಲಾಸ್’ ಎಂದು ಬಂದರೆ ಹಾರಾಟ. ‘ವಿಸ್’ ಎಂದು ಬಂದರೆ ಬಯಕೆ.

ಬಹುವರ್ಷಗಳ ನಂತರ ಇನ್ನೊಂದು ಭಾಷೆಯ ‘ಹಾರು’ ಎಂಬ ಕ್ರಿಯಾಪದ ನನಗೆ ಎದುರಾಯಿತು. ಅದು ನಮ್ಮ ಧರ್ಮಕೇಂದ್ರದ ಕುಟುಂಬಗಳು ಎಂದೂ ಕೇಳಿರಲಾರದ ಪದ. ಆದರೂ ಅದರ ಕಾಲಗಳನ್ನೂ ಪುರುಷಗಳನ್ನೂ ನಿಧಾನವಾಗಿ ಬಿಡಿಸಿ ನೋಡಿದರೆ ಒಂದು ಜನಾಂಗದ ಸುಖದುಃಖವೇ ಅದರೊಳಗೆ ಅಡಗಿದೆ. ಅದನ್ನು ಓದುಗರೊಡನೆ ಹಂಚಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ಆ ಭಾಷೆ ಸರ್ಬೋ-ಕ್ರೊಯೇಷಿಯನ್. ಏಡ್ರಿಯಾಟಿಕ್ ಕಡಲ ದಂಡೆಯಿಂದ ಡ್ಯಾನ್ಯೂಬ್ ನದಿಯ ಬಯಲಿನವರೆಗೆ ಹರಡಿರುವ ನುಡಿ ಅದು. 1850ರಲ್ಲಿ ಸರ್ಬ್ ಮತ್ತು ಕ್ರೊಯೇಟ್ ವಿದ್ವಾಂಸರು ವಿಯೆನ್ನಾದಲ್ಲಿ ಸೇರಿ, ತಮ್ಮ ಎರಡು ಜನಗಳಿಗೂ ಸಾಹಿತ್ಯಕ್ಕೆ ಒಂದೇ ಭಾಷೆ ಇರಲಿ ಎಂದು ಒಪ್ಪಿಕೊಂಡರು. 1954ರಲ್ಲಿ ನೋವಿ ಸಾದ್ ನಗರದಲ್ಲಿ ಇನ್ನೊಂದು ಒಪ್ಪಂದವಾಯಿತು. ಲ್ಯಾಟಿನ್ ಮತ್ತು ಸಿರಿಲಿಕ್ ಎಂಬ ಎರಡು ಲಿಪಿಗಳಿಗೂ ಸಮಾನ ಸ್ಥಾನ ದೊರೆಯಿತು. ಆದರೆ 1991ರಿಂದ ಯುಗೋಸ್ಲಾವಿಯ ದೇಶವೇ ಒಡೆದು ಹೋಳಾಯಿತು. ಭಾಷೆಯ ಹೆಸರೂ ಅದರೊಡನೆ ಒಡೆಯಿತು. ಇಂದು ಅದಕ್ಕೆ ನಾಲ್ಕು ಅಧಿಕೃತ ಹೆಸರುಗಳಿವೆ: ಬೋಸ್ನಿಯನ್, ಕ್ರೊಯೇಷಿಯನ್, ಮಾಂಟೆನೆಗ್ರಿನ್ ಮತ್ತು ಸರ್ಬಿಯನ್. ಈ ನಾಲ್ವರೂ ದುಭಾಷಿಯ ನೆರವಿಲ್ಲದೆ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳುತ್ತಾರೆ. ಆದರೆ ತಮ್ಮ ಮಾತನ್ನು ಏನೆಂದು ಕರೆಯಬೇಕೆಂಬುದರಲ್ಲಿ ಒಮ್ಮತವಿಲ್ಲ.

1998ರಲ್ಲಿ ಉನ್ನತ ವ್ಯಾಸಂಗಕ್ಕೆಂದು ನಾನು ರೋಮ್ ನಗರಕ್ಕೆ ಹೋದೆ. ಅಲ್ಲಿ ನಾವು ವಾಸವಾಗಿದ್ದ ನಿವಾಸದಲ್ಲಿ ಜಾಗ್ರೆಬಿನ ಒಬ್ಬರು, ಬೆಲ್‌ಗ್ರೇಡಿನ ಒಬ್ಬರು, ಸರಾಯೆವೊ ನಗರದ ಒಬ್ಬರು, ಹೀಗೆ ಮೂವರು ಯುವ ಗುರುಗಳಿದ್ದರು. ಯುದ್ಧ ಮುಗಿದು ಆಗಿನ್ನೂ ಮೂರು ವರ್ಷ ಕಳೆದಿತ್ತು. ಅವರ ನಡುವೆ ಸೌಜನ್ಯವಿತ್ತು, ಸಲಿಗೆ ಇರಲಿಲ್ಲ. ಊಟದ ಮೇಜಿನ ಬಳಿ ಒಂದು ಸಂಜೆ, ಊರಿಗೆ ಹೊರಡುವ ವಿಮಾನದ ಪ್ರಸ್ತಾಪ ಬಂದಾಗ, ‘ನಿಮ್ಮ ಭಾಷೆಯಲ್ಲಿ ಹಾರುವುದಕ್ಕೆ ಏನೆನ್ನುತ್ತೀರಿ?’ ಎಂದು ಕೇಳಿದೆ. ಜಾಗ್ರೆಬಿನವರು ‘ಲೆತ್ಯೆತಿ’ ಎಂದರು. ಬೆಲ್‌ಗ್ರೇಡಿನವರು ‘ಲೆತೆತಿ’ ಎಂದರು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿ ಸುಮ್ಮನಾದರು. ಒಂದು ಯಕಾರದ ಅಂತರ. ಆದರೆ ಆ ದಿನಗಳಲ್ಲಿ ಅಷ್ಟು ಅಂತರವೂ ಒಂದು ಗಡಿರೇಖೆಯೇ ಆಗಿತ್ತು.

ಆ ಯಕಾರಕ್ಕೆ ಹಳೆಯ ಇತಿಹಾಸವಿದೆ. ಪ್ರಾಚೀನ ಸ್ಲಾವಿಕ್ ಭಾಷೆಯಲ್ಲಿ ‘ಯಾತ್’ ಎಂಬ ಹೆಸರಿನ ಒಂದು ಸ್ವರವಿತ್ತು. ಕಾಲಕ್ರಮದಲ್ಲಿ ಅದು ಮಾಯವಾಗಿ, ಒಂದೊಂದು ಸೀಮೆಯಲ್ಲಿ ಒಂದೊಂದು ರೂಪ ತಾಳಿತು. ಸರ್ಬಿಯದ ಬಹುಭಾಗದಲ್ಲಿ ಅದು ‘ಎ’ ಆಯಿತು. ಕ್ರೊಯೇಷಿಯದ ಶಿಷ್ಟಭಾಷೆಯಲ್ಲಿ, ಬೋಸ್ನಿಯದಲ್ಲಿ, ಮಾಂಟೆನೆಗ್ರೊದಲ್ಲಿ ‘ಯೆ’ ಅಥವಾ ‘ಇಯೆ’ ಆಯಿತು. ಡಾಲ್ಮೇಷಿಯದ ಕರಾವಳಿಯ ಆಡುಮಾತಿನಲ್ಲಿ ‘ಇ’ ಆಯಿತು. ಇದು ಮತದ ಭೇದವೂ ಅಲ್ಲ, ಕುಲದ ಭೇದವೂ ಅಲ್ಲ. ಬೋಸ್ನಿಯದಲ್ಲಿ ಹುಟ್ಟಿ ಬೆಳೆದ ಸರ್ಬ್ ಜನರೂ ಪರಂಪರೆಯಿಂದ ‘ಲೆತ್ಯೆತಿ’ ಎಂದೇ ಹೇಳುತ್ತಾರೆ. ನಮ್ಮ ಧಾರವಾಡ, ಮೈಸೂರು, ಮಂಗಳೂರುಗಳ ಮಾತು ಬೇರೆಯಾಗುವುದು ಹೇಗೆ ನೆಲದ ಗುಣವೋ ಅದೂ ಹಾಗೆಯೇ.

ಸರಾಯೆವೊದವರು ಆ ಮೌನವನ್ನು ಮುರಿದರು. ‘ಇವರಿಗೆ ವರ್ತಮಾನಕಾಲವನ್ನು ಹೇಳೋಣ’ ಎಂದು ನಗುತ್ತಾ ತಾವೇ ಆರಂಭಿಸಿದರು. ಶಾಲಾಬಾಲಕರ ಹಾಗೆ ಉಳಿದಿಬ್ಬರೂ ದನಿಗೂಡಿಸಿದರು. ‘ಲೆತೀಮ್’ ಎಂದರೆ ನಾನು ಹಾರುತ್ತೇನೆ. ‘ಲೆತೀಶ್’ ಎಂದರೆ ನೀನು ಹಾರುತ್ತೀಯೆ. ‘ಲೆತೀ’ ಎಂದರೆ ಅವನು, ಅವಳು ಅಥವಾ ಅದು ಹಾರುತ್ತದೆ. ‘ಲೆತೀಮೊ’ ಎಂದರೆ ನಾವು ಹಾರುತ್ತೇವೆ. ‘ಲೆತೀತೆ’ ಎಂದರೆ ನೀವು ಹಾರುತ್ತೀರಿ. ‘ಲೆತೇ’ ಎಂದರೆ ಅವರು ಅಥವಾ ಅವು ಹಾರುತ್ತವೆ. ಆರು ರೂಪಗಳು, ಮೂರು ಕಂಠಗಳು. ಒಂದು ಅಕ್ಷರದಷ್ಟೂ ವ್ಯತ್ಯಾಸವಿರಲಿಲ್ಲ.

ಕನ್ನಡ ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ನಾವು ‘ಹಾರುತ್ತೇನೆ’ ಎಂದಷ್ಟೇ ಹೇಳಿದರೆ ‘ನಾನು’ ಎಂಬುದು ಪ್ರತ್ಯಯದಲ್ಲಿಯೇ ಅಡಗಿರುವಂತೆ, ‘ಲೆತೀಮ್’ ಎಂದಾಗಲೂ ಕರ್ತೃವನ್ನು ಬೇರೆ ಹೇಳಬೇಕಾಗಿಲ್ಲ. ನಾವು ಹಿರಿಯರಿಗೆ ‘ನೀನು’ ಎನ್ನದೆ ‘ನೀವು’ ಎನ್ನುವಂತೆ ಅವರೂ ಗೌರವಕ್ಕೆ ಬಹುವಚನದ ‘ಲೆತೀತೆ’ಯನ್ನೇ ಬಳಸುತ್ತಾರೆ. ಆದರೆ ನಮ್ಮಲ್ಲಿ ಹಾರುತ್ತಾನೆ, ಹಾರುತ್ತಾಳೆ, ಹಾರುತ್ತದೆ ಎಂದು ಲಿಂಗಭೇದವಿರುವಲ್ಲಿ ಅವರಿಗೆ ‘ಲೆತೀ’ ಒಂದೇ ಸಾಕು. ಇನ್ನೊಂದು ವಿಶೇಷವೂ ಉಂಟು. ಕನ್ನಡದ ‘ಹಾರು’ ಹಕ್ಕಿಗೂ ಸಲ್ಲುತ್ತದೆ, ಬೇಲಿ ನೆಗೆಯುವ ಹುಡುಗನಿಗೂ ಸಲ್ಲುತ್ತದೆ. ಅವರ ಕ್ರಿಯಾಪದ ಕಾಲು ನೆಲವನ್ನು ಬಿಟ್ಟ ಮಾತ್ರಕ್ಕೆ ಒಪ್ಪುವುದಿಲ್ಲ. ನೆಗೆತಕ್ಕೆ ಅವರಲ್ಲಿ ಬೇರೆಯೇ ಪದವಿದೆ.

ವರ್ತಮಾನಕಾಲ ಮಾತ್ರ ಹೀಗೆ ಒಂದಾಗಿ ಉಳಿದದ್ದೇಕೆ? ಉತ್ತರ ವ್ಯಾಕರಣದಲ್ಲಿದೆ. ಭೇದಕ್ಕೆ ಕಾರಣವಾದ ಆ ‘ಯಾತ್’ ಸ್ವರ ಧಾತುವಿನ ಮೂಲರೂಪದಲ್ಲಿತ್ತು, ಭೂತಕಾಲದ ರೂಪದಲ್ಲಿತ್ತು. ವರ್ತಮಾನದ ರೂಪಗಳಲ್ಲಿ ಅದು ಎಂದೂ ಇರಲೇ ಇಲ್ಲ. ಒಡೆಯುವ ವಸ್ತುವೇ ಇಲ್ಲದಿರುವಲ್ಲಿ ಒಡಕು ಹೇಗೆ ಬಂದೀತು? ‘ಕಾಲ ಹಾರುತ್ತದೆ’ ಎನ್ನಲು ಜಾಗ್ರೆಬಿನವರು ‘ವ್ರಿಯೆಮೆ ಲೆತೀ’ ಎನ್ನುತ್ತಾರೆ, ಬೆಲ್‌ಗ್ರೇಡಿನವರು ‘ವ್ರೆಮೆ ಲೆತೀ’ ಎನ್ನುತ್ತಾರೆ. ಕಾಲದ ಹೆಸರು ಬೇರೆ, ಅದು ಹಾರುವ ಬಗೆ ಒಂದೇ. ‘ಹಕ್ಕಿ ಹಾರುತ್ತದೆ’ ಎನ್ನುವಾಗಲಂತೂ ಎರಡೂ ಕಡೆ ‘ಪ್ತಿತ್ಸಾ ಲೆತೀ’ ಎಂಬುದೇ ಮಾತು. ಹಕ್ಕಿಗೆ ಗಡಿಯಿಲ್ಲವೆಂಬುದನ್ನು ನಾವು ಕವಿಗಳಿಂದ ಕೇಳುತ್ತೇವೆ. ಇಲ್ಲಿ ವ್ಯಾಕರಣವೇ ಅದನ್ನು ಹೇಳುತ್ತಿದೆ.

ಭೂತಕಾಲಕ್ಕೆ ಬಂದೊಡನೆ ದಾರಿಗಳು ಬೇರೆಯಾಗುತ್ತವೆ. ‘ನಾನು ಹಾರಿದೆ’ ಎನ್ನಲು ಜಾಗ್ರೆಬಿನ ಪುರುಷ ‘ಲೆತಿಓ ಸಾಮ್’ ಎಂದರೆ ಬೆಲ್‌ಗ್ರೇಡಿನ ಪುರುಷ ‘ಲೆತೆಓ ಸಾಮ್’ ಎನ್ನುತ್ತಾನೆ. ಸ್ತ್ರೀಯರು ಕ್ರಮವಾಗಿ ‘ಲೆತ್ಯೆಲಾ ಸಾಮ್’, ‘ಲೆತೆಲಾ ಸಾಮ್’ ಎನ್ನುತ್ತಾರೆ. ವರ್ತಮಾನದಲ್ಲಿ ಕಾಣದಿದ್ದ ಹೆಣ್ಣುಗಂಡಿನ ಭೇದವೂ ಇಲ್ಲಿ ಮೇಲೆದ್ದು ಬರುತ್ತದೆ. ಆದರೆ ಆ ‘ಸಾಮ್’ ಎಂಬ ಪುಟ್ಟ ಪದವನ್ನು ಗಮನಿಸಬೇಕು. ಅದರ ಅರ್ಥ ‘ಇದ್ದೇನೆ’ ಎಂದು. ಅಂದರೆ ಅವರ ಭೂತಕಾಲವನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ‘ಹಾರಿದವನಾಗಿದ್ದೇನೆ’ ಎಂದಾಗುತ್ತದೆ. ಕಳೆದುಹೋದದ್ದನ್ನು ಹೇಳಬೇಕಾದರೂ ‘ಈಗ ನಾನಿದ್ದೇನೆ’ ಎಂಬ ಮಾತಿನ ಆಸರೆ ಬೇಕು. ಆ ಆಸರೆಯ ಪದ ಎರಡೂ ನಗರಗಳಲ್ಲಿ ಒಂದೇ.

ಭವಿಷ್ಯತ್ಕಾಲವೂ ಅಷ್ಟೇ ಸ್ವಾರಸ್ಯಕರ. ‘ಹಾರುವೆನು’ ಎನ್ನಲು ಕ್ರೊಯೇಷಿಯದಲ್ಲಿ ‘ಲೆತ್ಯೆತ್ ಚು’ ಎಂದು ಎರಡು ಪದಗಳಾಗಿ ಬರೆಯುತ್ತಾರೆ. ಸರ್ಬಿಯದಲ್ಲಿ ‘ಲೆತೆಚು’ ಎಂದು ಒಂದೇ ಪದವಾಗಿ ಕೂಡಿಸುತ್ತಾರೆ. ಈ ‘ಚು’ ಎಂಬುದು ‘ಬಯಸು’ ಎಂಬ ಅರ್ಥದ ಕ್ರಿಯಾಪದದ ಸವೆದುಹೋದ ರೂಪ. ಹಾರುವೆನು ಎಂದರೆ, ಮೂಲದಲ್ಲಿ, ಹಾರಲು ಬಯಸುತ್ತೇನೆ ಎಂದೇ. ಲ್ಯಾಟಿನ್ನಿನ ‘ವೊಲೊ’ದಲ್ಲಿ ಆಕಸ್ಮಿಕವಾಗಿ ಭೇಟಿಯಾಗಿದ್ದ ಹಾರಾಟವೂ ಬಯಕೆಯೂ ಇಲ್ಲಿ ಕೈಕೈ ಹಿಡಿದು ಭವಿಷ್ಯವನ್ನು ಕಟ್ಟುತ್ತವೆ. ಬಯಸದ ಹೊರತು ನಾಳೆ ಎಂಬುದಿಲ್ಲ ಎಂದು ಆ ಭಾಷೆ ನಂಬಿದಂತಿದೆ.

ಇನ್ನು ಉಪಸರ್ಗಗಳ ಸಂಪತ್ತು. ಸಂಸ್ಕೃತದಲ್ಲಿ ‘ಹಾರ’ಕ್ಕೆ ಪ್ರ, ಆ, ಸಂ, ವಿ ಸೇರಿ ಪ್ರಹಾರ, ಆಹಾರ, ಸಂಹಾರ, ವಿಹಾರಗಳಾಗುವುದನ್ನು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅಂತೆಯೇ ‘ಲೆತ್ಯೆತಿ’ಗೆ ‘ಪೊ’ ಸೇರಿದರೆ ನೆಲಬಿಟ್ಟು ಏರುವುದು, ‘ಒದ್’ ಸೇರಿದರೆ ಹಾರಿಹೋಗುವುದು, ‘ದೊ’ ಸೇರಿದರೆ ಹಾರಿಬರುವುದು, ‘ಪ್ರೆ’ ಸೇರಿದರೆ ಮೇಲಿಂದ ದಾಟುವುದು. ‘ಸ್’ ಸೇರಿದರೆ ‘ಸ್ಲೆತ್ಯೆತಿ’, ಅಂದರೆ ಕೆಳಗಿಳಿಯುವುದು. ನಾವು ವಿಮಾನ ಇಳಿಯಿತು ಎನ್ನುತ್ತೇವೆ. ಅವರಿಗೆ ಇಳಿಯುವುದೂ ಒಂದು ಬಗೆಯ ಹಾರಾಟವೇ. ಧಾತುವಿನ ಬರಿಯ ರೂಪ ಮುಗಿಯದೆ ಸಾಗುತ್ತಿರುವ ಕ್ರಿಯೆಯನ್ನು ಹೇಳಿದರೆ, ಈ ಉಪಸರ್ಗಗಳು ಸೇರಿದಾಗ ಕ್ರಿಯೆ ಒಂದು ಘಟ್ಟವನ್ನು ಮುಟ್ಟಿ ಪೂರ್ಣವಾಗುತ್ತದೆ. ‘ಪೊಲೆತ್’ ಎಂದರೆ ಉತ್ಸಾಹ. ‘ಇಜ್ಲೆತ್’ ಎಂದರೆ ವಿಹಾರಯಾತ್ರೆ. ಮನೆಯಿಂದ ಹೊರಕ್ಕೆ ಹಾರುವುದು. ಅನಿರೀಕ್ಷಿತವಾಗಿ ಬಾಯಿಂದ ಬಂದ ಮಾತನ್ನು ನಾವು ‘ಮಾತು ಜಾರಿತು’ ಎನ್ನುತ್ತೇವೆ; ಅವರು ‘ಮಾತು ಹಾರಿಹೋಯಿತು’ ಎನ್ನುತ್ತಾರೆ. ಜಾರಿದ್ದನ್ನು ಬಗ್ಗಿ ಎತ್ತಿಕೊಳ್ಳಬಹುದೇನೋ. ಹಾರಿದ್ದನ್ನು ಹಿಡಿಯುವವರು ಯಾರು?

ಈ ನುಡಿಯನ್ನು ಅಕ್ಷರದಲ್ಲಿ ಹಿಡಿದಿಟ್ಟವರಲ್ಲಿ ಧರ್ಮಸಭೆಯ ಸೇವಕರೂ ಇದ್ದರೆಂಬುದು ನಮಗೆ ಸಂತೋಷದ ವಿಷಯ. ಪಾಗ್ ದ್ವೀಪದ ಯೇಸುಸಭೆಯ ಗುರು ಬಾರ್ತೊಲ್ ಕಾಶಿಚ್ 1604ರಲ್ಲಿ ರೋಮಿನಲ್ಲಿ ಇದರ ಮೊದಲ ವ್ಯಾಕರಣವನ್ನು ಅಚ್ಚು ಹಾಕಿಸಿದರು. ಅದೇ ಸಭೆಯ ಥಾಮಸ್ ಸ್ಟೀಫನ್ಸ್ ರಚಿಸಿದ ಕೊಂಕಣಿ ವ್ಯಾಕರಣ ಗೋವೆಯ ರಾಚೋಲಿನಲ್ಲಿ 1640ರಲ್ಲಿ ಪ್ರಕಟವಾಯಿತೆಂಬುದನ್ನು ನಮ್ಮ ಕರಾವಳಿಯ ಕುಟುಂಬಗಳು ಇಲ್ಲಿ ಸ್ಮರಿಸಬಹುದು. ಕಾಶಿಚ್ ಅವರಿಗಿಂತಲೂ ಹಿರಿಯರು ಫಾಉಸ್ತ್ ವ್ರಾಂಚಿಚ್. 1551ರಲ್ಲಿ ಶಿಬೆನಿಕ್ ಎಂಬ ಕಡಲೂರಿನಲ್ಲಿ ಹುಟ್ಟಿದ ಅವರು 1595ರಲ್ಲಿ ವೆನಿಸಿನಲ್ಲಿ ಐದು ಭಾಷೆಗಳ ನಿಘಂಟೊಂದನ್ನು ಪ್ರಕಟಿಸಿದರು. ಲ್ಯಾಟಿನ್, ಇಟಾಲಿಯನ್, ಜರ್ಮನ್, ಹಂಗೇರಿಯನ್‌ಗಳ ಪಕ್ಕದಲ್ಲಿ ತಮ್ಮ ತಾಯ್ನುಡಿಗೂ ಸರಿಸಮಾನ ಸಾಲು ಕೊಟ್ಟರು. ಮುಂದೆ ಧರ್ಮಾಧ್ಯಕ್ಷರಾದ ಇವರೇ, ಯಂತ್ರಗಳನ್ನು ಕುರಿತ ತಮ್ಮ ಗ್ರಂಥದಲ್ಲಿ, ಚೌಕಟ್ಟಿಗೆ ಬಿಗಿದ ಹಾಯಿಬಟ್ಟೆಯನ್ನು ಹಿಡಿದು ಗೋಪುರದಿಂದ ಇಳಿಯುವ ಮನುಷ್ಯನ ಚಿತ್ರವನ್ನು ಅಚ್ಚು ಹಾಕಿಸಿದರು. ‘ಹಾರುವ ಮನುಷ್ಯ’ ಎಂದು ಅದಕ್ಕೆ ಲ್ಯಾಟಿನ್ನಿನಲ್ಲಿ ಹೆಸರಿಟ್ಟರು. ಇಂದು ನಾವು ಪ್ಯಾರಾಚೂಟ್ ಎನ್ನುವ ಸಾಧನವೇ ಅದು. ಅವರ ನಾಡಿನ ಇಂದಿನ ಭಾಷೆಯಲ್ಲಿ ಅದರ ಹೆಸರು ‘ಪಾದೊಬ್ರಾನ್’, ಅಂದರೆ ಬೀಳುವಿಕೆಯಿಂದ ಕಾಪಾಡುವುದು. ಒಬ್ಬನೇ ವ್ಯಕ್ತಿ ಪದಗಳನ್ನೂ ಕೂಡಿಟ್ಟ, ಬೀಳುವವನ ಕೈಗೊಂದು ಹಾಯಿಯನ್ನೂ ಕೊಟ್ಟ.

ಆದರೆ ಅದೇ ನಾಡಿನಲ್ಲಿ ಹಾರುವುದೇ ನಿಷಿದ್ಧವಾದ ಕಾಲವೂ ಬಂತು. 1992ರ ಏಪ್ರಿಲಿನಲ್ಲಿ ಸರಾಯೆವೊ ನಗರಕ್ಕೆ ಮುತ್ತಿಗೆ ಬಿತ್ತು. ಅದು ಮುಗಿದದ್ದು 1996ರ ಫೆಬ್ರವರಿಯಲ್ಲಿ. 11,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 1992ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಬೋಸ್ನಿಯದ ಆಕಾಶದಲ್ಲಿ ಸೇನಾವಿಮಾನಗಳ ಹಾರಾಟವನ್ನು ನಿಷೇಧಿಸಿತು. ಹಾರಲು ಅನುಮತಿಯಿದ್ದುದು ಅನ್ನ, ಔಷಧಗಳನ್ನು ಹೊತ್ತ ಪರಿಹಾರ ವಿಮಾನಗಳಿಗೆ. 1992ರ ಜುಲೈಯಿಂದ 1996ರ ಜನವರಿಯವರೆಗೆ ಅವು ಆ ನಗರಕ್ಕೆ ಸುಮಾರು 1,60,000 ಟನ್ ಸಾಮಗ್ರಿಯನ್ನು ತಲುಪಿಸಿದವು. ಅದೂ ನಿರಪಾಯವಾಗಿರಲಿಲ್ಲ. 1992ರ ಸೆಪ್ಟೆಂಬರ್ 3ರಂದು ಇಟಲಿಯ ಪರಿಹಾರ ವಿಮಾನವೊಂದನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ ನಾಲ್ವರೂ ಮಡಿದರು. ನಗರವಾಸಿಗಳು ಹೊರಹೋಗಲು ಬೇರೆ ದಾರಿಯಿಲ್ಲದೆ 1993ರಲ್ಲಿ ವಿಮಾನ ನಿಲ್ದಾಣದ ಓಡುಹಾದಿಯ ಅಡಿಯಲ್ಲಿಯೇ ಸುಮಾರು 800 ಮೀಟರ್ ಉದ್ದದ ಸುರಂಗವನ್ನು ತೋಡಿದರು. ಮೇಲೆ ವಿಮಾನ, ಕೆಳಗೆ ಬೆನ್ನುಬಾಗಿಸಿ ಹಿಟ್ಟಿನ ಚೀಲ ಹೊತ್ತು ನಡೆಯುವ ಜನ.

‘ಆ ವರ್ಷಗಳಲ್ಲಿ ನಮ್ಮ ಪಾಲಿಗೆ ಈ ಕ್ರಿಯಾಪದದ ಒಂದೇ ರೂಪ ಉಳಿದಿತ್ತು’ ಎಂದು ಸರಾಯೆವೊದ ಆ ಗುರುಗಳು ನನ್ನೊಡನೆ ಮುಂದೊಮ್ಮೆ ಹೇಳಿದರು. ‘ಲೆತೇ. ಅವು ಹಾರುತ್ತವೆ. ಪಾರಿವಾಳಗಳು ಹಾರುತ್ತವೆ, ಪರಿಹಾರದ ವಿಮಾನಗಳು ಹಾರುತ್ತವೆ, ಶೆಲ್ಲುಗಳು ಹಾರುತ್ತವೆ. ಲೆತೀಮೊ ಎನ್ನುವುದನ್ನು ನಾವು ಮರೆತೇಬಿಟ್ಟಿದ್ದೆವು.’ ಒಂದು ಕ್ರಿಯಾಪದ ಉತ್ತಮ ಪುರುಷವನ್ನು ಕಳೆದುಕೊಳ್ಳುವುದೆಂದರೆ ಏನೆಂಬುದು ನನಗೆ ಆಗ ಅರಿವಾಯಿತು.

ಇಷ್ಟಾಗಿಯೂ ವ್ಯಾಕರಣವನ್ನು ನಾವು ಅತಿಯಾಗಿ ಕೊಂಡಾಡಬಾರದು. ‘ಲೆತ್ಯೆತಿ’ಯ ಹಾಗೆಯೇ ನಡೆಯುವ ಬೇರೆ ಕ್ರಿಯಾಪದಗಳೂ ಆ ಭಾಷೆಯಲ್ಲಿವೆ. ಪ್ರೀತಿಸುವುದಕ್ಕೆ ಜಾಗ್ರೆಬಿನಲ್ಲಿ ‘ವೊಲ್ಯೆತಿ’, ಬೆಲ್‌ಗ್ರೇಡಿನಲ್ಲಿ ‘ವೊಲೆತಿ’. ಆದರೆ ‘ಪ್ರೀತಿಸುತ್ತೇನೆ’ ಎನ್ನಲು ಎರಡೂ ಕಡೆ ‘ವೊಲೀಮ್’. ಬದುಕುವುದಕ್ಕೂ ಎರಡು ರೂಪಗಳು, ‘ಬದುಕುತ್ತೇನೆ’ ಎನ್ನಲು ಒಂದೇ ರೂಪ. ನೋಡುವುದು, ತಾಳಿಕೊಳ್ಳುವುದು, ಹಾರೈಸುವುದು ಎಲ್ಲವೂ ಹಾಗೆಯೇ. ಕೇಳಲು ಎಷ್ಟು ಸೊಗಸು! ಆದರೆ ದ್ವೇಷಿಸುವುದಕ್ಕೆ ಇರುವ ಕ್ರಿಯಾಪದವೂ ವರ್ತಮಾನಕಾಲದಲ್ಲಿ ಎಲ್ಲೆಡೆ ಒಂದೇ. ಪ್ರೀತಿಸುತ್ತೇನೆ ಎಂದರೂ ಅರ್ಥವಾಗುವ ನೆರೆಯವನಿಗೆ ದ್ವೇಷಿಸುತ್ತೇನೆ ಎಂದರೂ ಅಷ್ಟೇ ಸ್ಪಷ್ಟವಾಗಿ ಅರ್ಥವಾಗುತ್ತದೆ. ಒಂದೇ ಭಾಷೆ ಆಡುವವರು ಬಡಿದಾಡಲಾರರು ಎಂಬ ಭರವಸೆ ಆ ನಾಡಿನಲ್ಲಿ ಸುಳ್ಳಾಯಿತು. ಭಾಷೆ ಸೇತುವೆಯನ್ನು ಒದಗಿಸುತ್ತದೆ. ಅದರ ಮೇಲೆ ಯಾವ ಹೊರೆ ಹೊತ್ತು ನಡೆಯಬೇಕೆಂಬುದನ್ನು ನಡೆಯುವವನೇ ತೀರ್ಮಾನಿಸಬೇಕು.

2014ರ ಡಿಸೆಂಬರಿನಲ್ಲಿ ಒಂದು ಪುಟ್ಟ ಸುದ್ದಿ ಓದಿದೆ. 1991ರಲ್ಲಿ ನಿಂತುಹೋಗಿದ್ದ ಬೆಲ್‌ಗ್ರೇಡ್-ಜಾಗ್ರೆಬ್ ನಡುವಿನ ನೇರ ವಿಮಾನಸಂಚಾರ 23 ವರ್ಷಗಳ ನಂತರ ಮತ್ತೆ ಆರಂಭವಾಗಿತ್ತು. ಒಂದು ಗಂಟೆಯಷ್ಟರ ಪ್ರಯಾಣ. ವಿಮಾನಕ್ಕೆ ಸರ್ಬಿಯದಲ್ಲಿ ‘ಅವಿಯೊನ್’ ಎನ್ನುತ್ತಾರೆ; ಕ್ರೊಯೇಷಿಯದ ಅಧಿಕೃತ ಪದ ‘ಜ್ರಾಕೊಪ್ಲೊವ್’, ಅಂದರೆ ಗಾಳಿಯಲ್ಲಿ ತೇಲುವುದು. ವಿಮಾನ ನಿಲ್ದಾಣಕ್ಕೆ ಬೆಲ್‌ಗ್ರೇಡಿನಲ್ಲಿ ‘ಏರೊದ್ರೊಮ್’, ಜಾಗ್ರೆಬಿನಲ್ಲಿ ‘ಗಾಳಿಯ ಬಂದರು’ ಎಂಬ ಅರ್ಥದ ಮಾತು. ನಾಮಪದಗಳೆಲ್ಲ ಬೇರೆ ಬೇರೆ. ಆದರೆ ಆ ವಿಮಾನದೊಳಗೆ ಅಕ್ಕಪಕ್ಕದಲ್ಲಿ ಕುಳಿತ ಇಬ್ಬರು ಕಿಟಕಿಯಾಚೆ ಮೋಡವನ್ನು ನೋಡುತ್ತಾ ‘ಹಾರುತ್ತಿದ್ದೇವೆ’ ಎಂದುಕೊಂಡಿದ್ದರೆ, ಇಬ್ಬರ ಬಾಯಲ್ಲಿಯೂ ಬಂದಿರಬಹುದಾದ ಮಾತು ‘ಲೆತೀಮೊ’ ಒಂದೇ.

ನಮ್ಮ ಕುಟುಂಬಗಳಿಗೂ ಈ ವ್ಯಾಕರಣ ಅನ್ವಯಿಸದೆ ಇಲ್ಲ. ಜಮೀನಿನ ಪಾಲಿನ ವಿಷಯದಲ್ಲಿ ಮುನಿದ ಅಣ್ಣತಮ್ಮಂದಿರ ಮನೆಗೆ ಹೋಗಿ ಕುಳಿತಾಗಲೆಲ್ಲ ನಾನು ಕೇಳುವುದು ಭೂತಕಾಲದ ಕ್ರಿಯಾಪದಗಳನ್ನೇ: ಅಂದ, ಮಾಡಿದ, ಕಸಿದುಕೊಂಡ, ಬರಲಿಲ್ಲ. ಒಂದೇ ಘಟನೆಗೆ ಎರಡು ಮನೆಗಳಲ್ಲಿ ಎರಡು ರೂಪಗಳು. ಅವನ್ನು ಅಳಿಸಿಹಾಕಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ನೊಂದವರಿಗೆ ತಮ್ಮ ಭೂತಕಾಲದ ಮೇಲೆ ಹಕ್ಕುಂಟು. ಆದರೆ ಆ ಎಲ್ಲ ಮಾತುಗಳ ಕೊನೆಯಲ್ಲಿ ‘ಇದ್ದೇನೆ’ ಎಂಬ ಪುಟ್ಟ ಪದವೊಂದು ಆಸರೆಯಾಗಿ ನಿಂತಿರುತ್ತದೆ. ಅಣ್ಣನೂ ಇದ್ದಾನೆ, ತಮ್ಮನೂ ಇದ್ದಾನೆ. ಮಾತು ಮತ್ತೆ ಆರಂಭವಾಗಬೇಕಾದದ್ದು ಅಲ್ಲಿಂದ.

ಕೊನೆಯದಾಗಿ, ಆ ಭಾಷೆಯ ಲಿಪಿಗಳು ಸಾಮಾನ್ಯವಾಗಿ ತೋರಿಸದ, ಆದರೆ ನಮ್ಮ ಕನ್ನಡ ಲಿಪಿ ಸುಲಭವಾಗಿ ತೋರಿಸಬಲ್ಲ ಒಂದು ಸೂಕ್ಷ್ಮವನ್ನು ಹೇಳಿ ಮುಗಿಸುತ್ತೇನೆ. ಶಾಸ್ತ್ರೋಕ್ತ ಉಚ್ಚಾರಣೆಯಲ್ಲಿ ‘ಲೆತೀಮೊ’ ಎಂದು ನಡುವಿನ ಸ್ವರವನ್ನು ದೀರ್ಘವಾಗಿ ಎಳೆದರೆ ‘ಹಾರುತ್ತೇವೆ’ ಎಂದರ್ಥ. ಅದು ಇರುವ ಸ್ಥಿತಿಯ ವರ್ಣನೆ. ಅದೇ ಸ್ವರವನ್ನು ಹ್ರಸ್ವಗೊಳಿಸಿ ‘ಲೆತಿಮೊ’ ಎಂದರೆ ‘ಹಾರೋಣ’ ಎಂದರ್ಥ; ಅದು ಪಕ್ಕದವನಿಗೆ ನೀಡುವ ಕರೆ. ಬರವಣಿಗೆಯಲ್ಲಿ ಎರಡಕ್ಕೂ ಒಂದೇ ಅಕ್ಷರಗಳು. ಯಾವುದನ್ನು ಹೇಳುತ್ತಿದ್ದೇವೆಂಬುದು ಹೇಳುವವನ ಉಸಿರಿನಲ್ಲಷ್ಟೇ ತಿಳಿಯುತ್ತದೆ. ಕಾಗದದ ಮೇಲಿನ ಒಪ್ಪಂದಗಳು ಆ ಉಸಿರನ್ನು ಕೊಡಲಾರವು. ಅದನ್ನು ಇಬ್ಬರು ಎದುರುಬದುರಾಗಿ ನಿಂತು, ಬಾಯಿಬಿಟ್ಟು, ಕೊಡಬೇಕು.